ಸಂಜೆಗೊಂದು ಬದಲಿ ಏರ್ಪಾಡು

ಅಕ್ಕ ತಟ್ಟೆಯಲ್ಲಿ ಅರ್ಧ ತಿಂಡಿ ಬಿಟ್ಟು ಎದ್ದು ಹೋದಾಗ, ವಾದದಲ್ಲಿ ಗೆದ್ದು ತಪ್ಪು ಮಾಡಿದೆನೇನೋ ಎಂದು ಕುರ್ಚಿ ರಿಪೇರಿಯವನಿಗೆ ಮೊದಲ ಸಲ ಅನ್ನಿಸಿತು.

ವಾದ ಹೊಸದೇನಲ್ಲ. ತಾಯಿಯಿಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಕ್ಕ ದಿನಾ ಸಂಜೆ ಪ್ರಾರ್ಥನಾಮಂದಿರಕ್ಕೆ ಹೊರಟರೆ, ಇವನು ಉಳಿ ಹಿಡಿದುಕೊಂಡೇ ಬಾಗಿಲಿಗೆ ಬಂದು, ದೇವರಿದ್ದರೆ ತೋರಿಸು ಎಂದು ಕೆಣಕುತ್ತಿದ್ದ. ಅವಳು ನಕ್ಕು ಚಪ್ಪಲಿ ಮೆಟ್ಟುತ್ತಿದ್ದಳು. ಹೋದ ತಿಂಗಳು ಒಂದು ಸಂಜೆ ಮಾತ್ರ ನಗಲಿಲ್ಲ. "ಆಯ್ತು ಬಿಡು, ನೀನೇ ಗೆದ್ದೆ. ಇನ್ಮೇಲೆ ಹೋಗಲ್ಲ" ಎಂದು ಚಪ್ಪಲಿ ಬಿಟ್ಟು ಒಳಗೆ ನಡೆದಳು. ಆ ಗೆಲುವನ್ನು ಅವನು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದ. ಅಂದಿನಿಂದ ಅಕ್ಕ ಗಾಳಿ ಹೋದ ಚೆಂಡಿನಂತೆ ಕಿಟಕಿ ಪಕ್ಕ ಕೂತುಬಿಟ್ಟಿದ್ದಳು.

"ಅವರ ಕೈಲಿದ್ದದ್ದನ್ನ ಕಿತ್ಕೊಂಡ್ರಿ" ಎಂದಳು ಹೆಂಡತಿ, ತಟ್ಟೆ ತೆಗೆಯುತ್ತ. "ಬದಲಿಗೆ ಏನು ಕೊಟ್ರಿ?"

ಮುರುಕು ಕಾಲು ಕಿತ್ತ ಮೇಲೆ ಹೊಸ ಕಾಲು ಹಾಕದೆ ಯಾರ ಮನೆಗೂ ಕುರ್ಚಿ ಕಳಿಸಿದವನಲ್ಲ ಅವನು. ಆ ಮಾತು ನಾಟಿತು. ಮಧ್ಯಾಹ್ನದ ಹೊತ್ತಿಗೆ ಉಪಾಯ ಹೊಳೆಯಿತು. ಸಂಜೆ ಮನೆ ಮುಂದಿನ ತನ್ನ ಅಂಗಡಿಯಲ್ಲೇ ನಾಲ್ಕು ಜನ ಸೇರುವುದು. ಒಂದೆರಡು ಹಾಡು, ಕಷ್ಟಸುಖದ ಮಾತು, ಟೀ. ದೇವರೊಬ್ಬನನ್ನು ಬಿಟ್ಟು ಮಿಕ್ಕಿದ್ದೆಲ್ಲ. ಅಕ್ಕನಿಗೆ ಹೇಳಿದರೆ, ನೋಡೋಣ ಎಂದಳು.

ಎದುರುಮನೆಯ ನಿವೃತ್ತ ಮೇಷ್ಟ್ರ ಕಿವಿಗೆ ವಿಷಯ ಹಾಕಿದ್ದೇ ಎಡವಟ್ಟಾಯಿತು. ಅವರು ಮನೆಮನೆಗೂ ಹೋಗಿ ಕರೆದರು. ಅಧ್ಯಕ್ಷರು ತಾವೇ ಎಂದೂ ತಿಳಿಸಿ ಬಂದರು. ಸಂಜೆ ಅಂಗಡಿ ತುಂಬಿತು. ಕೂರಲು ಇದ್ದವು ರಿಪೇರಿಗೆ ಬಂದ ಕುರ್ಚಿಗಳೇ. ಮನುಷ್ಯ ಯಾರನ್ನೂ ಆತುಕೊಳ್ಳಬಾರದು ಎನ್ನುತ್ತಿದ್ದಂತೆ ಅಧ್ಯಕ್ಷರ ಕುರ್ಚಿ ಮಗುಚಿ, ಅವರು ಪಕ್ಕದವರ ಕೊರಳಿಗೆ ಜೋತುಬಿದ್ದರು. ಇಸ್ತ್ರಿಯವನು ಅಂಟು ಆರದ ಕುರ್ಚಿಯಲ್ಲಿ ಕೂತು, ಏಳಲಾರದೆ, ಎಲ್ಲರ ಹಾಡು ಮುಗಿದ ಮೇಲೂ ಹಾಡುತ್ತಲೇ ಇದ್ದ. ಅಕ್ಕನಿಗೆಂದು ಒರೆಸಿಟ್ಟಿದ್ದ ಒಂದೇ ಒಂದು ಗಟ್ಟಿ ಕುರ್ಚಿಯನ್ನು ಮೂಲೆಮನೆಯಾಕೆ ಬಂದವಳೇ ಆಕ್ರಮಿಸಿದಳು. ಪ್ರಾರ್ಥನೆಗಿಂತ ಇದೇ ವಾಸಿ, ಅಲ್ಲಿ ಟೀ ಕೊಡುವುದಿಲ್ಲ ಎಂದು ಸಾರಿದಳು.

ಅಕ್ಕ ಮಾತ್ರ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಕಿಟಕಿಯ ಪಕ್ಕವೂ ಇಲ್ಲ. ಅವನು ಹಿಂಬಾಗಿಲಿನಿಂದ ಬೀದಿಗೆ ಓಡಿದ. ಎಲ್ಲೆಲ್ಲೋ ಹುಡುಕಿ, ಕಡೆಗೆ ಪ್ರಾರ್ಥನಾಮಂದಿರದ ಮುಂದೆ ಬಂದಾಗ, ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಮೆಟ್ಟಿಲಿಳಿಯುತ್ತಿದ್ದಳು. ಮುಖದಲ್ಲಿ ಕಳೆ ಬಂದಿತ್ತು.

"ಅಕ್ಕ, ನನ್ನ ಮಾತು ಒಪ್ಪಿಕೊಂಡು ಇಲ್ಲಿಗೆ ಬರೋದು ಬಿಟ್ಟಿದ್ಯಲ್ಲ?"

"ಯಾವ ಮಾತೋ?"

"ದೇವರಿಲ್ಲ ಅನ್ನೋದು."

"ಓ, ಅದಾ. ಅದನ್ನ ನೀನು ಮೀಸೆ ಬಂದಾಗಿಂದ ಹೇಳ್ತಾನೇ ಇದೀಯ." ಅಕ್ಕ ಅವನ ತೋಳು ಹಿಡಿದು ಕೊನೆಯ ಮೆಟ್ಟಿಲು ಇಳಿದಳು. "ಕಂಬದ ಹಿಂದೆ ನಂದೊಂದು ಜಾಗ ಇತ್ತು ಕಣೋ. ಅಲ್ಲಿ ಕೂತು ಅತ್ರೆ ಯಾರಿಗೂ ಕಾಣ್ತಿರಲಿಲ್ಲ. ಆ ಮೂಲೆಮನೆಯವಳು ಬಂದು ಅಲ್ಲೇ ಕೂರೋಕೆ ಶುರು ಮಾಡಿದ್ಲು. ಜಾಗಕ್ಕೆ ಜಗಳ ಆಡೋಕೆ ನಾಚಿಕೆ. ನಿನಗಾದ್ರೂ ಖುಷಿಯಾಗ್ಲಿ ಅಂತ, ಗೆದ್ದೆ ಅಂದೆ."

ದೇವರನ್ನು ತೋರಿಸು ಎಂದು ಅವನು ಇಷ್ಟು ವರ್ಷ ಕೇಳಿದ್ದ. ಯಾಕಕ್ಕ ಅಳುತ್ತೀಯ ಎಂದು ಒಂದು ದಿನವೂ ಕೇಳಿರಲಿಲ್ಲ. ಈಗಲೂ ಕೇಳದೆ, ಅವಳ ಹೆಜ್ಜೆಗೆ ಹೆಜ್ಜೆ ಹಾಕಿದ.

"ಇವತ್ತು ಅವಳು ನಿನ್ನ ಸಭೆಗೆ ಹೋದದ್ದು ನೋಡಿದೆ, ಇಲ್ಲಿಗೆ ಬಂದೆ" ಎಂದಳು ಅಕ್ಕ. ಸ್ವಲ್ಪ ದೂರ ನಡೆದ ಮೇಲೆ ಮೆಲ್ಲಗೆ ಕೇಳಿದಳು: "ಸಭೆ ದಿನಾ ಇರುತ್ತೆ ತಾನೇ?"

ನಾಳೆಯೇ ಮುಚ್ಚಬೇಕೆಂದಿದ್ದವನು, "ಇರುತ್ತೆ ಅಕ್ಕ" ಎಂದ.

ಅಂಗಡಿಯಲ್ಲಿ ಮೂಲೆಮನೆಯಾಕೆ ಏಳುವುದರಲ್ಲಿದ್ದಳು. ಟೀಗೆ ಸಕ್ಕರೆ ಸಾಲದು, ಮೇಷ್ಟ್ರ ಭಾಷಣ ಕೇಳಿ ತಲೆ ಸಿಡಿಯುತ್ತಿದೆ, ಇದಕ್ಕಿಂತ ಪ್ರಾರ್ಥನೆಯೇ ಮೇಲಿತ್ತು ಎನ್ನುತ್ತಿದ್ದಳು.

ಯಾವ ದೇವರ ಮುಂದೆಯೂ ಮುಗಿಯದ ಕೈಗಳನ್ನು ಆಕೆಯ ಮುಂದೆ ಜೋಡಿಸಿ, "ನಾಳೆ ತಪ್ಪಿಸಬೇಡಿ ತಾಯಿ" ಎಂದು ಅವನು ಬೇಡಿಕೊಂಡ.