ಮುರುಗಪ್ಪನ ಕಂಪ್ಯೂಟರ್ ಹೂ ಕೊಡಲಿಲ್ಲ

ಹಿರಿಯೂರಿನಲ್ಲಿ ಜಾತಕದಂಗಡಿ ಇಟ್ಟಿದ್ದ ಮುರುಗಪ್ಪನ ಕಂಪ್ಯೂಟರ್ ಒಂದು ಬೆಳಗ್ಗೆ ಹುಡುಗಿಯ ಜಾತಕವನ್ನು ನುಂಗಿ, ಹುಡುಗನ ಜಾತಕಕ್ಕೆ ಬಾಯಿ ತೆರೆಯದೆ ನಿಂತುಬಿಟ್ಟಿತು. ಬರೀ ನಿಂತಿದ್ದರೆ ಮುರುಗಪ್ಪ ಎರಡು ಊದುಬತ್ತಿ ಹೆಚ್ಚಿಗೆ ಹಚ್ಚಿ ಸುಮ್ಮನಾಗುತ್ತಿದ್ದ. ಆದರೆ ದಾವಣಗೆರೆಯಲ್ಲಿ ಕಳ್ಳ ಸೀಡಿ ಹಾಕಿಕೊಂಡ ಅಂಗಡಿಗಳನ್ನು ಹಿಡಿಯುತ್ತಿದ್ದಾರೆ ಎಂಬ ಸುದ್ದಿ ಹಿಂದಿನ ದಿನವಷ್ಟೇ ಬಸ್ಸಿಳಿದಿತ್ತು. ತನ್ನ ಕಂಪ್ಯೂಟರಿನಲ್ಲಿರುವುದೆಲ್ಲ ಕದ್ದ ಮಾಲೇ ಎಂದು ಬಲ್ಲ ಮುರುಗಪ್ಪನಿಗೆ, ಪೊಲೀಸರು ಬರುವ ಮೊದಲೇ ಅದು ತಪ್ಪೊಪ್ಪಿಕೊಳ್ಳಲು ತಯಾರಾಗಿದೆ ಅನ್ನಿಸಿತು. ಗಾಬರಿಯಲ್ಲಿ ರಘುನಾಥ ಮೇಷ್ಟ್ರಿಗೆ ಫೋನು ಮಾಡಿದ.

ರಘುನಾಥ ಟೈಪಿಂಗ್ ಕಲಿಸುತ್ತಿದ್ದವನು. ಕಂಪ್ಯೂಟರ್ ಬಂದು ಟೈಪಿಂಗ್ ಸತ್ತ ಮೇಲೆ ಹೊಟ್ಟೆಪಾಡಿಗೆ ರಿಪೇರಿ ಕೆಲಸ ಕಲಿತ. ಮನಸ್ಸಿನ ಸಮಾಧಾನಕ್ಕೆ ಇನ್ನೊಂದು ಹುಚ್ಚು ಹಚ್ಚಿಕೊಂಡ. ಯಾರೋ ಪುಣ್ಯಾತ್ಮರು ಬರೆದು, ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಿದ್ದಿಕೊಳ್ಳಿ ಎಂದು ಲೋಕಕ್ಕೆ ಬಿಟ್ಟುಕೊಟ್ಟ ತಂತ್ರಾಂಶಗಳ ಸೀಡಿಗಳನ್ನು ಚೀಲದಲ್ಲಿ ಹೊತ್ತು ಸಣ್ಣಪುಟ್ಟ ಅಂಗಡಿಗಳಿಗೆ ಹಂಚುವುದು. ಪುಗಸಟ್ಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂದು ಎಲ್ಲರೂ ಇಸಿದುಕೊಂಡರು. ಹಾಕಿಕೊಂಡವರು ಮಾತ್ರ ಒಬ್ಬರೂ ಇಲ್ಲ. ಹೊಸದುರ್ಗದ ಗೊಬ್ಬರದಂಗಡಿಯವನು ಸೀಡಿಗಳನ್ನು ದಾರಕ್ಕೆ ಪೋಣಿಸಿ ಸೂರ್ಯಕಾಂತಿ ಹೊಲದಲ್ಲಿ ಗಿಳಿ ಓಡಿಸಲು ಕಟ್ಟಿದ. ಹೊಳಲ್ಕೆರೆಯ ಸ್ಟುಡಿಯೋದವನು ಟೀ ಲೋಟದ ಕೆಳಗಿಟ್ಟ. ಆದ್ದರಿಂದ ಮುರುಗಪ್ಪ ತಾನಾಗಿ ಕರೆದಾಗ ರಘುನಾಥ ತಿಂಡಿಯನ್ನೂ ಬಿಟ್ಟು ಓಡಿದ.

ಓಡಲು ಇನ್ನೊಂದು ಕಾರಣವೂ ಇತ್ತು. ಆದಿವಾಲದ ಚಿಕ್ಕತಿಮ್ಮಪ್ಪ ಅದೇ ಸಂಜೆ ಅದೇ ಅಂಗಡಿಗೆ ಬರುವವನಿದ್ದ, ತನ್ನ ಮಗಳು ಸುಮಾಳಿಗೂ ರಘುನಾಥನಿಗೂ ಜಾತಕ ಕೂಡಿಸಲು. ಸುಮಾ ಹಿಂದೆ ಟೈಪಿಂಗ್ ಕಲಿಯಲು ಬಂದವಳು, ಪಾಠ ಮುಗಿದ ಮೇಲೂ ಅನುಮಾನ ಕೇಳಲು ಬರುತ್ತಿದ್ದಳು. ಟೈಪಿಂಗಿನಲ್ಲಿ ಅಷ್ಟೊಂದು ಅನುಮಾನ ಏನಿರುತ್ತದೆ ಎಂದು ರಘುನಾಥನಿಗೆ ಹೊಳೆಯುವಷ್ಟರಲ್ಲಿ ಅವನ ಮುಂದಲೆ ಬೋಳಾಗಿತ್ತು. ಹೊಳೆದ ಮೇಲೆ ಅವನ ಬದುಕಿನಲ್ಲಿ ಬೇರೆ ಆಸೆಯೇ ಉಳಿಯಲಿಲ್ಲ. ಕುಲ ಒಂದೇ, ಗೋತ್ರದಂಥ ಬೆಡಗು ಬೇರೆ, ಅಡ್ಡಿಯೇನೂ ಇರಲಿಲ್ಲ. ಆದರೆ ಚಿಕ್ಕತಿಮ್ಮಪ್ಪನದು ಒಂದೇ ಹಟ. ಮುರುಗಪ್ಪನ ಕಂಪ್ಯೂಟರ್ ಕೂಡಿತು ಅನ್ನಬೇಕು, ಆಮೇಲೆ ಹೂ ಆಗಬೇಕು.

ಹೂವೇ ಆ ಅಂಗಡಿಯ ಹೆಚ್ಚುಗಾರಿಕೆ. ಗುಡಿಗಳಲ್ಲಿ ದೇವರ ತಲೆಯ ಮೇಲೆ ಹೂವಿಟ್ಟು ಅಪ್ಪಣೆ ಕೇಳುತ್ತಾರಲ್ಲ, ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡ, ಬೀಳದಿದ್ದರೆ ದೇವರಿಗೇ ಮನಸ್ಸಿಲ್ಲ ಎಂದು. ಮುರುಗಪ್ಪ ಕಂಪ್ಯೂಟರಿನ ಡಬ್ಬದ ಮೇಲೆ ದೇವರ ಫೋಟೋ ನಿಲ್ಲಿಸಿ, ಅದರ ನೆತ್ತಿಗೆ ಸೇವಂತಿಗೆ ಇಟ್ಟು ಅಪ್ಪಣೆ ಕೇಳುತ್ತಿದ್ದ. ಅವನ ಅಂಗಡಿಯಲ್ಲಿ ಹೂ ಎಡಕ್ಕೆ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು.

"ಮೇಷ್ಟ್ರೇ, ಪುಗಸಟ್ಟೆ ಅಂತೀರ. ನಾಳೆ ಯಾರಾದ್ರೂ ಬಂದು ಕಿತ್ಕಂಡು ಹೋಗಲ್ಲ ತಾನೆ?" ಎಂದು ಮುರುಗಪ್ಪ ಕೇಳಿದ.

"ಇದ್ರಾಗೆ ಮುಚ್ಚಿಟ್ಟಿದ್ದು ಏನೂ ಇಲ್ಲ ಮುರುಗಣ್ಣ. ಒಳಗೆ ಏನೈತೆ, ಹೆಂಗೆ ಲೆಕ್ಕ ಹಾಕ್ತೈತೆ, ಯಾರ್ ಬೇಕಾದ್ರೂ ಬಿಚ್ಚಿ ನೋಡಬೋದು."

"ಬಿಚ್ಚಿ ನೋಡಂಗಿದ್ರೆ ಜಾತಕ ಯಾರ್ ನಂಬ್ತಾರ್ರಿ?"

ರಘುನಾಥ ನಕ್ಕು ಕೆಲಸಕ್ಕೆ ಕುಳಿತ. ಅರ್ಧ ಆಗುವಷ್ಟರಲ್ಲಿ ಕರೆಂಟು ಹೋಯಿತು. ಬಂದ ಮೇಲೆ ಮೊದಲಿನಿಂದ ಶುರು ಮಾಡಿದ. ಆಗ ಕಂಪ್ಯೂಟರ್ ಕಾದು ತಾನಾಗಿ ಆರಿತು. ಪಕ್ಕದ ಜೆರಾಕ್ಸ್ ಅಂಗಡಿಯ ಬೋರಪ್ಪ ಬಂದು, "ಹಳೇದ್ನೂ ಬಿಡ್ರಿ, ಹೊಸದ್ನೂ ಹಾಕ್ರಿ. ಸವತೇರಂಗೆ ಪೈಪೋಟಿ ಮೇಲೆ ಕೆಲಸ ಮಾಡ್ತವೆ" ಎಂದು ಸಲಹೆ ಕೊಟ್ಟ. ಮೆಟ್ಟಿಲ ಮೇಲೆ ಹೂ ಮಾರುವ ಚಂದ್ರಕ್ಕ, "ಅಮಾಸೆ ಮುಂದಿಟ್ಕಂಡು ಯಾರಾದ್ರೂ ಇಂಥ ಕೆಲಸಕ್ಕೆ ಕೈ ಹಾಕ್ತಾರೇನಪ್ಪ?" ಎಂದು ಬೈದಳು.

ಡಬ್ಬ ಬಿಚ್ಚಿ ನೋಡಿದರೆ ಫ್ಯಾನು ಊದುಬತ್ತಿ ಬೂದಿಯಲ್ಲಿ ಹೂತುಹೋಗಿತ್ತು. ಒಂದು ಜಿರಲೆ ಸಂಸಾರ ಹೂಡಿತ್ತು. ರಘುನಾಥ ತನ್ನ ಚೀಲದಿಂದ ಹೊಸ ಫ್ಯಾನು ತೆಗೆದು ಹಾಕಿದ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಕಂಪ್ಯೂಟರ್ ಶುದ್ಧ ಸ್ವಂತದ ಮಾಲು ಹೊತ್ತು, ಉಸಿರಿನ ಸದ್ದೂ ಇಲ್ಲದೆ ನಡೆಯತೊಡಗಿತು.

"ಇದೇನ್ ಮೇಷ್ಟ್ರೇ, ಜೀವ ಹೋದಂಗೈತೆ. ಮೊದ್ಲು ಹಿಟ್ಟಿನ ಗಿರಣಿಯಂಗೆ ಗುಡುಗ್ತಿತ್ತು!" ಎಂದಳು ಚಂದ್ರಕ್ಕ.

ಸಂಜೆ ಚಿಕ್ಕತಿಮ್ಮಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದ, ಹಿಂದೆ ಸುಮಾ. "ಬರ್ರಿ, ಕುಂತ್ಕಳ್ರಿ" ಎಂದ ಮುರುಗಪ್ಪ. "ನಮ್ಮ ದೊಡ್ಡ ಹುಡುಗಿ ಮೇಘಶ್ರೀದೂ ಇಲ್ಲೇ ಹೂ ಆಗಿದ್ದು" ಎಂದು ಚಿಕ್ಕತಿಮ್ಮಪ್ಪ ಕೈ ಮುಗಿದ. ಸುಮಾ ತಲೆ ತಗ್ಗಿಸಿದಳು. ನಾಚಿಕೆ ಇರಬೇಕೆಂದು ರಘುನಾಥ ತಿಳಿದ.

ಹೊಸ ತಂತ್ರಾಂಶ ಜಾತಕಗಳನ್ನು ಕೂಡಿಸಿತು. ಉತ್ತಮ ಹೊಂದಾಣಿಕೆ ಎಂದು ಕಾಗದ ಬಂತು. ರಘುನಾಥನ ಎದೆ ತುಂಬಿತು, ತನ್ನ ಸೀಡಿಯೇ ತನಗೆ ಹೆಣ್ಣು ಗೊತ್ತು ಮಾಡಿತಲ್ಲ ಎಂದು. ಮುರುಗಪ್ಪ ಕರ್ಪೂರ ಹಚ್ಚಿ, ಇಬ್ಬರ ಹೆಸರು ಹೇಳಿ ಸೇವಂತಿಗೆ ಇಟ್ಟ.

ಹೂ ಬೀಳಲಿಲ್ಲ.

ಮುರುಗಪ್ಪ ಗಂಟೆ ಬಾರಿಸಿದ. ಹೂ ಕದಲಲಿಲ್ಲ. ಚಂದ್ರಕ್ಕ, "ಹೂ ಬಾಡೈತೆ, ಇದನ್ನಿಡ್ರಿ" ಎಂದು ಹೊಸದು ಕೊಟ್ಟಳು. ಅದೂ ಮನೆ ಅಳಿಯನ ಹಾಗೆ ಆರಾಮಾಗಿ ಕುಳಿತಿತು. ಬೋರಪ್ಪ ತನ್ನ ಅಂಗಡಿಯ ಕದವನ್ನು ದಡಾರನೆ ಹಾಕಿ ಬಂದ. ಹೊರಗೆ ಲಾರಿಯೊಂದು ಹೋದಾಗ ಹೂ ಸ್ವಲ್ಪ ಬಲಕ್ಕೆ ವಾಲಿತು, ಎಲ್ಲರೂ ಉಸಿರು ಹಿಡಿದರು, ಮತ್ತೆ ನೆಟ್ಟಗೆ ನಿಂತಿತು. ಮುರುಗಪ್ಪ ಮೇಜಿನಡಿಯಲ್ಲಿ ಮೆಲ್ಲಗೆ ಮೊಣಕಾಲು ತಾಗಿಸಿದ.

"ಕಾಲು ತೆಗೀರಿ ಮುರುಗಣ್ಣ" ಎಂದು ಚಿಕ್ಕತಿಮ್ಮಪ್ಪ ಬೇಸರದಿಂದ ಎದ್ದ. "ದೇವ್ರಿಗೆ ಮನಸಿಲ್ಲ. ಹೋಗಾಣ ನಡಿ ಸುಮಾ."

ಸುಮಾಳ ಕಣ್ಣಲ್ಲಿ ನೀರು ತುಂಬಿತು. ಅದನ್ನು ಕಂಡು ರಘುನಾಥನ ತಲೆಯಲ್ಲಿ ಏನೋ ಥಟ್ಟನೆ ಹತ್ತಿಕೊಂಡಿತು. "ಯಜಮಾನ್ರೇ, ತಡೀರಿ! ದೇವ್ರಿಗೂ ಇದಕ್ಕೂ ಸಂಬಂಧ ಇಲ್ಲ. ಎಲ್ಲಾ ಬಿಚ್ಚಿ ತೋರಿಸ್ತೀನಿ" ಎಂದವನೇ ಡಬ್ಬ ಬಿಚ್ಚಿದ. ಮುರುಗಪ್ಪ, "ಮೇಷ್ಟ್ರೇ, ಬ್ಯಾಡ" ಎಂದು ಕಣ್ಸನ್ನೆ ಮಾಡಿದ್ದು ಅವನಿಗೆ ಕಾಣಲೇ ಇಲ್ಲ. ಹಳೆಯ ಫ್ಯಾನನ್ನು ಮತ್ತೆ ಸಿಕ್ಕಿಸಿ, ಫೋಟೋ, ಹೂ ಮೊದಲಿನಂತೆ ಮೇಲಿಟ್ಟು ಗುಂಡಿ ಒತ್ತಿದ. ಡಬ್ಬ ಚಳಿಜ್ವರ ಬಂದಂತೆ ನಡುಗಿತು. ಅಂಗಡಿಯ ನೆಲ ಮೊದಲೇ ಬಲಕ್ಕೆ ಇಳಿಜಾರು. ಹೂ ಬಲಗಡೆಗೆ ಬಿತ್ತು.

"ಆತಲ್ಲ!" ಎಂದು ಚಂದ್ರಕ್ಕ ಚಪ್ಪಾಳೆ ತಟ್ಟಿದಳು.

ಚಿಕ್ಕತಿಮ್ಮಪ್ಪ ನಗಲಿಲ್ಲ. ಹೂವನ್ನು ತಾನೇ ಎತ್ತಿ, ಯಾರ ಹೆಸರನ್ನೂ ಹೇಳದೆ ಫೋಟೋದ ಮೇಲಿಟ್ಟ. ಬಲಕ್ಕೆ ಬಿತ್ತು. ಇನ್ನೊಮ್ಮೆ ಇಟ್ಟ. ಬಲಕ್ಕೇ ಬಿತ್ತು.

"ಯಾರ್ ಹೆಸ್ರು ಹೇಳಿದ್ರೂ ಬೀಳ್ತೈತಾ ಮೇಷ್ಟ್ರೇ?"

"ಬೀಳ್ತೈತೆ."

"ನಮ್ಮ ದೊಡ್ಡೋಳಿಗೆ ಕೇಳ್ದಾಗಲೂ ಇದೇ ಫ್ಯಾನಾ?"

ರಘುನಾಥ ಮುರುಗಪ್ಪನ ಮುಖ ನೋಡಿದ. ಮುರುಗಪ್ಪ ಫೋಟೋದ ಕಡೆ ನೋಡುತ್ತಿದ್ದ. "ಇದೇ" ಎಂದ ರಘುನಾಥ, ಸಣ್ಣ ದನಿಯಲ್ಲಿ.

ಚಿಕ್ಕತಿಮ್ಮಪ್ಪ ಕುಸಿದು ಕುಳಿತ. "ಆ ಹುಡುಗ ಬ್ಯಾಡ ಅಂತ ಕಾಲು ಹಿಡ್ಕಂಡು ಅತ್ತಿದ್ಲು ಮೇಘಶ್ರೀ. ಹೊಡೆಸ್ಕಂಡು ಮನೆಗೆ ಬಂದಾಗೆಲ್ಲ, ದೇವ್ರು ಹೂ ಕೊಟ್ಟೈತೆ, ಮೀರ್‌ಬಾರ್ದು ಕಣವ್ವ ಅಂತ ನಾನೇ ಬಸ್ ಹತ್ತಿಸಿ ವಾಪಸ್ ಕಳಿಸ್ದೆ. ಫ್ಯಾನಿನ ಮಾತು ಕೇಳಿ ಕಳಿಸ್ದೆನಲ್ಲಪ್ಪ!" ಎಂದು ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಗಟ್ಟಿ ಆಳು ಹಾಗೆ ಅಳುವುದನ್ನು ನೋಡಲಾರದೆ ಬೋರಪ್ಪ ಹೊರಗೆ ಹೋದ.

ಆಮೇಲೆ ಚಿಕ್ಕತಿಮ್ಮಪ್ಪ ಎದ್ದು ನಿಂತ. "ಹೊಸದುರ್ಗಕ್ಕೆ ಬಸ್ ಐತೇನ್ರಿ? ಮೇಘಶ್ರೀನ ಗಂಡನ ಮನೆಯಿಂದ ಈಗ್ಲೇ ಕರ್ಕಂಡ್ ಬರ್ತೀನಿ."

"ನಮ್ಮ ವಿಚಾರ…" ಎಂದ ರಘುನಾಥ.

ಚಿಕ್ಕತಿಮ್ಮಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. "ನಿನ್ನಂಥ ಅಳಿಯ ನಂಗೆ ಇನ್ನೊಬ್ಬ ಸಿಗಲ್ಲಪ್ಪ. ಆದ್ರೆ ಅಕ್ಕ ಬಾಳು ಬಿಟ್ಟು ಬಂದು ಮನೇಲಿ ಕುಂತಿರುವಾಗ ತಂಗಿಗೆ ಹೆಂಗೆ ಬಾಸಿಂಗ ಕಟ್ಟಲಿ? ಅವಳದೊಂದು ದಡ ಸೇರೋತನಕ ಸುಮಾನ ಮದುವೆ ಮಾತು ಎತ್ತಲ್ಲ."

ಅವರು ಹೋದ ಮೇಲೆ ಮುರುಗಪ್ಪ ಗಂಟಲು ಸರಿಮಾಡಿಕೊಂಡ. "ನಿಮ್ಮ ಸೀಡಿ ಚೆನ್ನಾಗೈತೆ ಮೇಷ್ಟ್ರೇ, ಇರ್ಲಿ. ಆ ಹಳೇ ಫ್ಯಾನ್ ಮಾತ್ರ ಹಂಗೇ ಬಿಟ್ಟು ಹೋಗ್ರಿ."

ರಘುನಾಥ ಫ್ಯಾನನ್ನು ಕಿತ್ತು ಚೀಲಕ್ಕೆ ಹಾಕಿಕೊಂಡ. "ಹಂಗಾದ್ರೆ ನಿಮ್ಮ ಸೀಡಿನೂ ಬ್ಯಾಡ" ಎಂದ ಮುರುಗಪ್ಪ, ಹಳೆಯ ಕಳ್ಳ ಸೀಡಿ ಇದೆಯೇನೋ ಎಂದು ಬೋರಪ್ಪನನ್ನು ಕೂಗಿದ.

ಬಸ್ ನಿಲ್ದಾಣದಲ್ಲಿ ಸುಮಾ ಕಿಟಕಿಯ ಪಕ್ಕ ಕುಳಿತಿದ್ದಳು. ರಘುನಾಥ ಹೋಗಿ ಕೆಳಗೆ ನಿಂತ.

"ನಮ್ಮಕ್ಕನ್ನ ಉಳಿಸಿದ್ರಿ ಸರ್" ಎಂದಳು. ಕಣ್ಣೊರೆಸಿಕೊಂಡು, ಅಪ್ಪನಿಗೆ ಕೇಳಿಸದ ಹಾಗೆ ಬಗ್ಗಿ ಮೆಲ್ಲಗೆ ಕೇಳಿದಳು. "ಬಿಚ್ಚಿ ತೋರಿಸೋ ಬದ್ಲು, ವೈರ್ ಸಡಿಲ ಆಗೈತೆ ಅಂತ ಏನೋ ಒಂದು ಹೇಳಿ ಸುಮ್ನೆ ಹಳೇ ಫ್ಯಾನ್ ಹಾಕಿದ್ರೆ ಸಾಕಿತ್ತಲ್ಲ ಸರ್?"

ಬಸ್ಸು ಹೊರಟಿತು.

"ಹೊಳೀಲೇ ಇಲ್ಲ ಸುಮಾ" ಎಂದು ರಘುನಾಥ ಹೇಳುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.