ಹೆಚ್ಚು ಬಡ್ಡಿ ನಿಧಿಯ ಏರುಗೆರೆ

ಹೆಚ್ಚು ಬಡ್ಡಿ ಬಾಂಡ್ ನಿಧಿಯ ಪಾಲಿನ ದರವು ಸತತ ಹದಿನಾಲ್ಕು ತಿಂಗಳು ತಾಂತ್ರಿಕ ವಿಶ್ಲೇಷಕರು ಮುಂಚಿತವಾಗಿ ಎಳೆದಿಟ್ಟ ಗೆರೆಯನ್ನು ಒಂದು ಕಾಸಿನಷ್ಟೂ ಮೀರದೆ ನಡೆದುಕೊಂಡಿತು ಎಂಬುದು ದಾಖಲಾದ ಸಂಗತಿ. ಬೇರೆ ನಿಧಿಗಳ ದರಗಳು ಏರುತ್ತವೆ ಎಂದಾಗ ಇಳಿದು, ಇಳಿಯುತ್ತವೆ ಎಂದಾಗ ಏರಿ, ಅಶಿಸ್ತಿನಿಂದ ವರ್ತಿಸುತ್ತಿದ್ದ ಕಾಲವದು. ಈ ನಿಧಿಯ ದರ ಮಾತ್ರ ಹೇಳಿದ ಮಾತು ಕೇಳುವ ಒಳ್ಳೆಯ ಮನೆಯ ಮಗುವಿನಂತಿತ್ತು.

ನಿಧಿಯ ಕೆಲಸ ಸರಳ. ಯಾವ ಬ್ಯಾಂಕೂ ಕುಳಿತುಕೊಳ್ಳಿ ಎಂದು ಕೂಡ ಹೇಳದ ಕಂಪನಿಗಳಿಗೆ ಜನರ ಹಣವನ್ನು ಸಾಲ ಕೊಟ್ಟು, ಅವರು ಬರೆದುಕೊಟ್ಟ ಬಾಂಡುಗಳನ್ನು ಕಪಾಟಿನಲ್ಲಿಡುವುದು. ಅಪಾಯ ಹೆಚ್ಚಾದ್ದರಿಂದ ಬಡ್ಡಿಯೂ ಹೆಚ್ಚು. ಬಡ್ಡಿ ಹೆಚ್ಚಾದ್ದರಿಂದ ಅಪಾಯದ ವಿಷಯವನ್ನು ಪ್ರಚಾರಪತ್ರದ ಕೊನೆಯಲ್ಲಿ ಇರುವೆಗಳಿಗೆ ಅನುಕೂಲವಾಗುವ ಅಕ್ಷರಗಳಲ್ಲಿ ಮುದ್ರಿಸಲಾಗಿತ್ತು.

ವಿಶ್ಲೇಷಕರು ಹಿಂದೆ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು. ಕಚೇರಿಯವರು ಅವರನ್ನು ಸ್ಕೇಲು ಮೇಷ್ಟ್ರು ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಹತ್ತಕ್ಕೆ ಅವರು ಗ್ರಾಫ್ ಹಾಳೆಯ ಮೇಲೆ ಹಿಂದಿನ ದರಗಳನ್ನು ಚುಕ್ಕಿಯಿಟ್ಟು, ಉಕ್ಕಿನ ಸ್ಕೇಲಿನಿಂದ ಗೆರೆ ಎಳೆದು, ಕೆಳಗೆ ಬರೆಯುತ್ತಿದ್ದರು: "ದರವು ಬೆಂಬಲ ಮಟ್ಟದ, ಅಂದರೆ ಇನ್ನು ಕೆಳಗಿಳಿಯಲಾರದ ಗೆರೆಯ, ಮೇಲೆ ನಿಂತು ಸುಧಾರಿಸಿಕೊಂಡಿದೆ. ನಾಳೆ ಎರಡು ಕಾಸು ಏರತಕ್ಕದ್ದು." ಮರುದಿನ ಎರಡು ಕಾಸು ಏರುತ್ತಿತ್ತು. ನಿರ್ದೇಶಕರು ಮೆಚ್ಚಿ ಅವರಿಗೆ ತಿರುಗುವ ಕುರ್ಚಿ ಮಂಜೂರು ಮಾಡಿದರು. ಮೇಷ್ಟ್ರ ಅತ್ತಿಗೆಯಂತೂ ತಮ್ಮ ಹೊಲಿಗೆ ಅಂಗಡಿಯನ್ನು ಯಂತ್ರ, ಕತ್ತರಿ, ಗುಂಡಿಗಳ ಸಮೇತ ಮಾರಿ, ಬಂದದ್ದನ್ನೆಲ್ಲ ನಿಧಿಗೆ ಹಾಕಿದರು. ಮೈದುನನ ಮಾತನ್ನು ಮನೆಯಲ್ಲಿ ಯಾರೂ ಕೇಳದಿದ್ದರೂ ದರ ಕೇಳುತ್ತದೆ ಎಂದು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ತಿರುಗಿದರು.

ಒಂದು ಮಂಗಳವಾರ ಫ್ಯಾನಿನ ಗಾಳಿಗೆ ಹಾಳೆ ಹಾರಿ ಮರದ ಅಡ್ಡಗೋಡೆಯ ಆಚೆ ಬಿತ್ತು. ಮೇಷ್ಟ್ರು ಹುಡುಕಿಕೊಂಡು ಸುತ್ತಿ ಹೋದರು. ಆಚೆ ಇದ್ದದ್ದು ದರ ನಿಗದಿ ವಿಭಾಗ. ವಿಭಾಗವೆಂದರೆ ಒಂದು ಮೇಜು, ಒಂದು ಕ್ಯಾಲ್ಕುಲೇಟರ್, ಮತ್ತು ದರದ ಮೇಡಂ ಎಂದು ಹೆಸರಾದ ಒಬ್ಬ ಹೆಂಗಸು. ಮೇಜಿನ ಗಾಜಿನ ಕೆಳಗೆ ಮೇಷ್ಟ್ರ ಹಿಂದಿನ ಹಾಳೆಗಳ ಜೆರಾಕ್ಸ್ ಪ್ರತಿಗಳು ಸಾಲಾಗಿದ್ದವು.

"ಇವು ಇಲ್ಲೇಕೆ?" ಎಂದರು ಮೇಷ್ಟ್ರು.

"ದರ ಹಾಕಬೇಕಲ್ಲ ಸರ್. ಆ ಬಾಂಡುಗಳನ್ನ ಯಾರೂ ಕೊಳ್ಳೋದಿಲ್ಲ, ಯಾರೂ ಮಾರೋದಿಲ್ಲ. ವ್ಯಾಪಾರ ಇಲ್ಲದಿದ್ದರೆ ನಂಬಿಕಸ್ತ ಮೂಲದಿಂದ ದರ ತಗೋಬೇಕು ಅಂತ ನಿಯಮ ಇದೆ. ನಿಮಗಿಂತ ನಂಬಿಕಸ್ತರು ಯಾರಿದ್ದಾರೆ? ಹದಿನಾಲ್ಕು ತಿಂಗಳಲ್ಲಿ ನೀವು ಒಂದು ಸಲಾನೂ ತಪ್ಪಿಲ್ಲ."

ಮೇಷ್ಟ್ರಿಗೆ ಕಾಲಡಿಯ ನೆಲ ಒಂದು ಕಾಸಿನಷ್ಟು ಇಳಿದಂತಾಯಿತು. ಅವರು ಅರ್ಧ ದಿನ ರಜೆ ಹಾಕಿ, ನಿಧಿ ಅತಿ ಹೆಚ್ಚು ಸಾಲ ಕೊಟ್ಟಿದ್ದ ಛತ್ರಿ ಕಾರ್ಖಾನೆಗೆ ಬಸ್ಸು ಹಿಡಿದರು. ಗೇಟಿಗೆ ಬೀಗ. ಒಳಗೆ ಹುಲ್ಲು ಸೊಂಟದೆತ್ತರ ಬೆಳೆದಿತ್ತು. ಒಂದೂವರೆ ವರ್ಷದಿಂದ ಒಂದು ಛತ್ರಿಯೂ ತಯಾರಾಗಿಲ್ಲವೆಂದು ಕಾವಲುಗಾರ ವಿವರಿಸಿದ. ಹಾಗೆಂದು ಕಂಪನಿಗೇನೂ ತೊಂದರೆಯಿಲ್ಲವಂತೆ. ಬಾಂಡಿನ ದರ ಏರುತ್ತಲೇ ಇರುವುದರಿಂದ ನಿಧಿಯವರು ಪ್ರತಿ ತಿಂಗಳೂ ಹೊಸ ಸಾಲ ಕೊಡುತ್ತಾರೆ, ಅದರಲ್ಲಿ ಹಳೆಯ ಸಾಲದ ಬಡ್ಡಿಯನ್ನೂ ಅವನ ಸಂಬಳವನ್ನೂ ತಪ್ಪದೆ ಕೊಡಲಾಗುತ್ತದೆ. ಉಳಿಸಿದ್ದನ್ನು ಅವನೂ ನಿಧಿಗೇ ಹಾಕಿದ್ದಾನಂತೆ.

ಮರುದಿನ ಮೇಷ್ಟ್ರು ಮನಸ್ಸು ಗಟ್ಟಿ ಮಾಡಿಕೊಂಡು ಗೆರೆಯನ್ನು ಕೆಳಮುಖವಾಗಿ ಎಳೆದರು. ಹದಿನಾಲ್ಕು ತಿಂಗಳು ಮೇಲಕ್ಕೇ ಎಳೆದು ರೂಢಿಯಾದ ಕೈಗೆ ಕೆಳಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ, ಗೆರೆ ಹಾಳೆಯ ತುದಿ ದಾಟಿ ಮೇಜಿನ ಮೇಲೂ ಒಂದು ಗೇಣು ಹರಿಯಿತು. ದರದ ಮೇಡಂ ಟೇಪು ತಂದು ಅಳತೆ ಮಾಡಿ, ಮೇಜಿನ ಮೇಲಿನ ಭಾಗವನ್ನೂ ಲೆಕ್ಕಕ್ಕೆ ಹಿಡಿದು, ದರವನ್ನು ಅರ್ಧಕ್ಕೆ ಇಳಿಸಿದರು.

ಕಚೇರಿಯಲ್ಲಿ ಸಂಭ್ರಮವೋ ಸಂಭ್ರಮ. ಇಷ್ಟು ದೊಡ್ಡ ಕುಸಿತವನ್ನು ಕಾಸು ಕಾಸಿಗೆ ಮೊದಲೇ ಹೇಳಿದವರು ಜಗತ್ತಿನಲ್ಲಿ ಇನ್ನೊಬ್ಬರಿಲ್ಲವೆಂದು ನಿರ್ದೇಶಕರು ಮೇಷ್ಟ್ರನ್ನು ತಬ್ಬಿಕೊಂಡರು. ಆಮೇಲೆ ಪ್ರಕಟಣೆ ಹೊರಬಿತ್ತು: "ನಿಧಿಯ ದರವು ಇಳಿಯುವಲ್ಲಿಯೂ ಶಿಸ್ತನ್ನು ಪಾಲಿಸಿರುತ್ತದೆ. ಇನ್ನು ಮುಂದೆ ಗ್ರಾಫ್ ಹಾಳೆಯ ಕೆಳಅಂಚನ್ನೇ ಅಂತಿಮ ಬೆಂಬಲ ಮಟ್ಟವೆಂದು ಪರಿಗಣಿಸತಕ್ಕದ್ದು. ಪೀಠೋಪಕರಣಗಳ ಮೇಲಿನ ದರಗಳು ಊರ್ಜಿತವಲ್ಲ."

ಪ್ರಕಟಣೆ ಅಂಟಿಸಿ ಮುಗಿಯುವಷ್ಟರಲ್ಲಿ ಹಣ ಹಾಕಿದವರು ಮೆಟ್ಟಿಲ ತುಂಬ ನೆರೆದರು. ಎಲ್ಲರಿಗಿಂತ ಮುಂದೆ ಅತ್ತಿಗೆ. ಅವರ ಮುಖ ನೋಡಿದ ಮೇಲೆ ಮೇಷ್ಟ್ರಿಗೆ ಒಂದನ್ನೂ ಮುಚ್ಚಿಡಲಾಗಲಿಲ್ಲ. ಸ್ಟೂಲಿನ ಮೇಲೆ ಹತ್ತಿ ನಿಂತು, ತಾವು ಗೆರೆ ಎಳೆಯುವುದು, ಮೇಡಂ ಅದನ್ನು ನೋಡಿ ದರ ಹಾಕುವುದು, ಆ ದರ ನೋಡಿ ಮರುದಿನ ತಾವು ಮತ್ತೆ ಗೆರೆ ಎಳೆಯುವುದು, ಛತ್ರಿ ಕಾರ್ಖಾನೆಯ ಬೀಗ, ಹುಲ್ಲು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದರು. ಹೇಳಿ ಮುಗಿಸಿ, ಏಟು ಯಾವ ಕಡೆಯಿಂದ ಬೀಳುತ್ತದೋ ಎಂದು ಕಣ್ಣು ಮುಚ್ಚಿಕೊಂಡರು.

ಏಟು ಬೀಳಲಿಲ್ಲ; ಅತ್ತಿಗೆ ಸ್ಟೂಲಿನ ಹತ್ತಿರ ಬಂದು ನಿಂತರು.

"ಅಂದ್ರೆ ದರ ಇಳಿದದ್ದು ನೀನು ಕೆಳಗೆ ಎಳೆದಿದ್ದಕ್ಕೆ," ಎಂದರು ಅತ್ತಿಗೆ.

"ಹೌದು ಅತ್ತಿಗೆ."

"ಹಾಗಾದ್ರೆ ಮೇಲಕ್ಕೆ ಎಳೆಯೋಕೆ ನಿನಗೇನು ರೋಗ?"

ಮೆಟ್ಟಿಲ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಸರಳವಾದ ವಿಷಯ ತಮಗೆ ಹೊಳೆಯಲಿಲ್ಲವಲ್ಲ ಎಂದು ನಿವೃತ್ತ ಎಂಜಿನಿಯರೊಬ್ಬರು ಹಣೆ ಚಚ್ಚಿಕೊಂಡರು. ಸತ್ಯ ತಿಳಿದ ಮೇಲೆ ಉಪಯೋಗಿಸದೆ ಬಿಡುವುದು ತಪ್ಪೆಂದು ಒಬ್ಬ ವಕೀಲರು ಅಭಿಪ್ರಾಯಪಟ್ಟರು. ಮೇಷ್ಟ್ರು ಕಾರ್ಖಾನೆಯ ಹುಲ್ಲಿನ ವಿಷಯವನ್ನು ಇನ್ನೊಮ್ಮೆ ಎತ್ತಿದರು. ಹುಲ್ಲು ಕೂಡ ಬೆಳವಣಿಗೆಯೇ ಎಂದು ಹಿಂದಿನ ಸಾಲಿನವರು ಅವರನ್ನು ಕೂರಿಸಿದರು.

ಅಲ್ಲೇ ಕೋನ ಸಮಿತಿ ರಚನೆಯಾಯಿತು, ಅತ್ತಿಗೆ ಅಧ್ಯಕ್ಷೆ. ಗೆರೆ ಎಷ್ಟು ಡಿಗ್ರಿ ಏರಬೇಕೆಂದು ಸದಸ್ಯರು ಪ್ರತಿ ಸೋಮವಾರ ಅರ್ಜಿ ಕೊಡತಕ್ಕದ್ದು. ಮಗಳ ಮದುವೆಯಿದ್ದವರಿಗೆ ಐದು ಡಿಗ್ರಿ ಹೆಚ್ಚು ಕೇಳಲು ವಿನಾಯಿತಿ. ಎಂಬತ್ತಕ್ಕಿಂತ ಕಡಿದಾದ ಗೆರೆಯನ್ನು, ಹಿರಿಯರಿಗೆ ಕತ್ತು ನೋವು ಬರುವುದರಿಂದ, ಪುರಸ್ಕರಿಸಲಾಗುವುದಿಲ್ಲ. ಮರದ ಅಡ್ಡಗೋಡೆಯನ್ನು ಜೆರಾಕ್ಸ್ ಖರ್ಚು ಉಳಿಸುವ ಸಲುವಾಗಿ ಕಿತ್ತು ಹಾಕಲಾಯಿತು. ಮೇಷ್ಟ್ರಿಗೆ ಮೊದಲ ವಾರ ನಾಚಿಕೆಯಾಯಿತು. ಎರಡನೆಯ ವಾರ ಗೆರೆ ಅದ್ಭುತವಾಗಿ ಬಂತು. ಮೂರನೆಯ ವಾರದಿಂದ ಅವರು ಸೀಟಿ ಹಾಕುತ್ತಾ ಎಳೆಯತೊಡಗಿದರು.

ಸರ್ಕಾರದಿಂದ ತನಿಖಾಧಿಕಾರಿ ಬಂದದ್ದು ಆಮೇಲೆ. ಮೂರು ದಿನ ಕಡತ ನೋಡಿದ ಅವರಿಗೆ ಯಾವ ತಪ್ಪೂ ಸಿಗಲಿಲ್ಲ, ಏಕೆಂದರೆ ಎಲ್ಲವನ್ನೂ ಬಿಡಿಸಿ ಬರೆದಿಡಲಾಗಿತ್ತು. ಎಲ್ಲರೂ ಒಂದೇ ದಿನ ಹಣ ವಾಪಸ್ ಕೇಳಿದರೆ ಎಲ್ಲಿಂದ ಕೊಡುತ್ತೀರಿ ಎಂಬುದೊಂದೇ ಅವರ ಪ್ರಶ್ನೆ. ನಿರ್ದೇಶಕರು ಮೇಷ್ಟ್ರನ್ನು ನೋಡಿದರು, ಮೇಷ್ಟ್ರು ಅತ್ತಿಗೆಯನ್ನು ನೋಡಿದರು.

"ಇಷ್ಟು ಚೆನ್ನಾಗಿ ಮೇಲೆ ಹೋಗ್ತಿರೋದನ್ನ ಯಾರಾದ್ರೂ ವಾಪಸ್ ಕೇಳ್ತಾರಾ?" ಎಂದರು ಅತ್ತಿಗೆ.

ಅಧಿಕಾರಿ ತುಸು ಯೋಚಿಸಿ, "ಅಂಥ ಸಂಭವ ಇರುವುದಿಲ್ಲ" ಎಂದು ಷರಾ ಬರೆದು ಮೊಹರು ಒತ್ತಿದರು. ಪೆನ್ನು ಮುಚ್ಚುವ ಮುನ್ನ, ಸರ್ಕಾರಿ ನೌಕರರೂ ಸದಸ್ಯರಾಗಬಹುದೇ ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದರು. ಆಗಬಹುದೆಂದು ಅತ್ತಿಗೆ ಅರ್ಜಿ ನಮೂನೆ ಕೊಟ್ಟರು.

ಆ ದಿನ ದರ ನಾಲ್ಕು ಕಾಸು ಏರಬೇಕೆಂದು ಸಮಿತಿ ತೀರ್ಮಾನಿಸಿತ್ತು. ಹೊಸ ಸದಸ್ಯರು ಬಂದಿದ್ದಾರಲ್ಲ ಎಂದು ಮೇಷ್ಟ್ರು ತಾವಾಗಿಯೇ ಇನ್ನೊಂದು ಕಾಸು ಸೇರಿಸಿದರು.