ಅವ್ವನನ್ನು ಪಡಸಾಲೆಗೆ ತಂದ ಡಬ್ಬಿ

ನಿಮ್ಮ ಮನೆಯಲ್ಲಿ ಟಿವಿಗೂ ಕಂಪ್ಯೂಟರಿಗೂ ಮಾತುಕತೆ ಇದೆಯೇ? ಸುಮ್ಮನೆ ತಲೆಯಾಡಿಸಬೇಡಿ, ನಿಜ ಹೇಳಿ. ನಮ್ಮ ಮನೆಯಲ್ಲಂತೂ ಇರಲಿಲ್ಲ. ಟಿವಿ ಪಡಸಾಲೆಯಲ್ಲಿ, ಕಂಪ್ಯೂಟರು ಒಳಕೋಣೆಯಲ್ಲಿ. ನಡುವೆ ಒಂದೇ ಗೋಡೆ. ಆದರೂ ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದರ ಮುಖ ಇನ್ನೊಂದು ನೋಡದೆ ವರ್ಷಗಟ್ಟಲೆ ಬಾಳಿದವು. ನಾನೂ ತಲೆ ಕೆಡಿಸಿಕೊಂಡಿರಲಿಲ್ಲ. ನನ್ನ ಧಾರಾವಾಹಿ ಟಿವಿಯಲ್ಲಿ, ನಮ್ಮ ಯಜಮಾನರ ಇಸ್ಪೀಟು ಕಂಪ್ಯೂಟರಿನಲ್ಲಿ. ನಿವೃತ್ತರಾದ ಮೇಲೆ ಅವರು ಅದರ ಮುಂದೆ ಒಬ್ಬರೇ ಆಡಿ, ಒಬ್ಬರೇ ಸೋತು, ಆ ಸಿಟ್ಟನ್ನು ನನ್ನ ಚಹಾದ ಮೇಲೆ ತೀರಿಸಿಕೊಳ್ಳುತ್ತಾರೆ. ಒಟ್ಟಿನಲ್ಲಿ ಸಂಸಾರ ಸುಖವಾಗಿತ್ತು.

ಈ ಶಾಂತಿ ಕೆಡಿಸಿದವಳು ನನ್ನ ಅಕ್ಕ. ಹರಪನಹಳ್ಳಿಯವಳು. ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಸ್ವಲ್ಪ ದಿನ ಆರಾಮಾಗಿ ಇರಲೆಂದು ಕೊಟ್ಟೂರಿಗೆ ನಮ್ಮ ಮನೆಗೆ ಬಂದಿದ್ದಳು. ಮಾತಿಗೆ ಮಾತು ಬಂದು ನಮ್ಮ ಅವ್ವನ ನೆನಪಾಯಿತು. ನನ್ನ ಮಗಳ ಮದುವೆಯಲ್ಲಿ ಅರಿಷಿಣ ಬೀಸುವ ಶಾಸ್ತ್ರಕ್ಕೆ ಅವ್ವ ಬೀಸುಕಲ್ಲಿನ ಮುಂದೆ ಕೂತು ಹಾಡಿದ್ದಳು. ಅವ್ವ ಹೋಗಿ ಎಷ್ಟೋ ಕಾಲವಾಯಿತು. ಅವಳ ಧ್ವನಿ ಎಂದು ಉಳಿದಿರುವುದು ಆ ಮದುವೆಯ ವಿಡಿಯೋದಲ್ಲಿ ಮಾತ್ರ. ಕ್ಯಾಸೆಟ್ಟಿನಲ್ಲಿದ್ದ ಅದನ್ನು ನನ್ನ ಮಗ ಕಂಪ್ಯೂಟರಿಗೆ ಏರಿಸಿಟ್ಟಿದ್ದಾನೆ. ಅಕ್ಕ ಆ ಮದುವೆಗೆ ಬಂದಿರಲಿಲ್ಲ, ಕಾಲು ಮುರಿದುಕೊಂಡು ಮಂಚ ಹಿಡಿದಿದ್ದಳು. ಅವ್ವ ಹಾಡಿದ್ದನ್ನು ಅವಳು ಕೇಳಿಲ್ಲ, ನೋಡಿಯೂ ಇಲ್ಲ.

ಯಜಮಾನರನ್ನು ಇಸ್ಪೀಟಿನಿಂದ ಎಬ್ಬಿಸಿ ಅಕ್ಕನನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ಹಳೆಯ ವಿಡಿಯೋ, ಪರದೆಯ ನಡುವೆ ಹಪ್ಪಳದಷ್ಟು ಜಾಗದಲ್ಲಿ ಓಡುತ್ತದೆ. ಅದರ ಸ್ಪೀಕರೋ, ನೆಗಡಿಯಾದ ಸೊಳ್ಳೆ.

"ಎಲ್ಲದಾಳ ಅವ್ವ?" ಅಂದಳು ಅಕ್ಕ.

"ಅಲ್ಲೇ ಕುಂತಾಳಲ್ಲ, ಹಸಿರು ಸೀರಿ."

"ಹಸಿರು ಕಾಣ್ತೈತಿ. ಅವ್ವ ಕಾಣವಲ್ಲಳು. ಹಾಡೂ ಕೇಳವಲ್ದು." ಕಪ್ಪು ಕನ್ನಡಕ ತೆಗೆದು ಒರೆಸಿಕೊಂಡು, "ಇರ್ಲಿ ಬಿಡು, ನನ್ನ ನಸೀಬಾಗ ಇಲ್ಲ," ಅಂದಳು. ಸೋಮವಾರ ಅವಳು ಊರಿಗೆ ಹೊರಡುವವಳು. ಅಷ್ಟರೊಳಗೆ ಅವ್ವನನ್ನು ಒಳಕೋಣೆಯಿಂದ ಪಡಸಾಲೆಯ ದೊಡ್ಡ ಟಿವಿಗೆ ತರಲೇಬೇಕೆಂದು ಸೆರಗು ಸಿಕ್ಕಿಸಿದೆ.

ನಮ್ಮ ಟಿವಿ ಆಕಾರದಲ್ಲಿ ದೊಡ್ಡದು, ಬುದ್ಧಿಯಲ್ಲಿ ನನ್ನ ಕಾಲದ್ದು. ಪೆನ್‌ಡ್ರೈವ್ ಚುಚ್ಚಿದರೆ "ಇದು ನನಗೆ ತಿಳಿಯದು" ಎಂದು ಬರೆದು ತೋರಿಸಿ ಸುಮ್ಮನಾಯಿತು. ಕಂಪ್ಯೂಟರನ್ನೇ ಎತ್ತಿ ಪಡಸಾಲೆಗೆ ತರೋಣವೆಂದರೆ ಯಜಮಾನರು ಅದಕ್ಕೆ ಅಡ್ಡ ನಿಂತರು. "ವೈರು ಬಿಚ್ಚಿದ್ರ ಮತ್ತ ಕೂಡಸೋರ್ಯಾರು? ಅದರ ಬದಲಿ ಉದ್ದಂದು ವೈರ್ ಎಳಿಯೋಣು, ಮುಗೀತು," ಎಂದು ತಾವೇ ಹೋಗಿ ವೈರು ತಂದು, ಹೊಸ್ತಿಲ ಮೇಲೆ ಹಾಯಿಸಿ, ಅಡಿಗೆಮನೆಯ ಬಾಗಿಲ ಮುಂದೆ ಎಳೆದರು. ಮಂಡಕ್ಕಿ ಒಗ್ಗರಣೆಯ ಪರಾತ ಹಿಡಿದು ಬರುತ್ತಿದ್ದ ನಾನು ಅದಕ್ಕೆ ಕಾಲು ಸಿಕ್ಕಿಸಿಕೊಂಡೆ. ನಾನು ಬಾಗಿಲು ಹಿಡಿದು ಉಳಿದೆ, ಮಂಡಕ್ಕಿ ಉಳಿಯಲಿಲ್ಲ. ಯಜಮಾನರ ತಲೆಯ ಮೇಲೆ ಬಿದ್ದ ಮಂಡಕ್ಕಿ ನೋಡಿ ಅಕ್ಕ, "ಮದುವಿ ವಿಡಿಯೋ ಹಚ್ಚೋಕಿಂತ ಮುಂಚೇನ ಅಕ್ಕಿಕಾಳು ಬಿತ್ತಲ್ರಿ," ಅಂದಳು. ವೈರು ಅಟ್ಟ ಸೇರಿತು.

ಮುಂದಿನ ಸರದಿ ಸೊಸೆ ಗೀತಾಳದು. ಅವಳು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಮನೆಯಲ್ಲೂ ನನಗೆ ಮಾಡುತ್ತಾಳೆ. ಈ ಫೋನಿನಲ್ಲಿ ಕನ್ನಡ ಕುಟ್ಟುವುದನ್ನು ಕಲಿಸಿದವಳೂ ಅವಳೇ. ಹಾಗಾಗಿ ಅವಳ ಬಗ್ಗೆ ಬರೆಯುವಾಗ ಸ್ವಲ್ಪ ನೋಡಿಕೊಂಡು ಬರೆಯಬೇಕು. ಗೆಳತಿಯ ಮನೆಯಿಂದ ಬೆರಳುದ್ದದ ಒಂದು ಕಡ್ಡಿ ತಂದು ಟಿವಿಯ ಹಿಂದೆ ಸಿಕ್ಕಿಸಿದಳು. ವಿಡಿಯೋವನ್ನು ಫೋನಿಗೆ ತುಂಬಿಕೊಂಡರೆ, ಫೋನಿನಲ್ಲಿ ಕಾಣುವುದೆಲ್ಲ ಟಿವಿಯಲ್ಲೂ ಕಾಣುತ್ತದಂತೆ. "ಭಾಳ ಸಿಂಪಲ್ ಅತ್ತಿ," ಅಂದಳು. ನಿಜಕ್ಕೂ ಮದುವೆಯ ಚಪ್ಪರ ಬಂತು, ಓಲಗ ಬಂತು, ಬೀಸುಕಲ್ಲು ಬಂತು. ಅಕ್ಕ ಮುಂದಕ್ಕೆ ಜರುಗಿ ಕೂತಳು. ಅಷ್ಟರಲ್ಲಿ ಗೀತಾಳ ತಾಯಿಯ ಮೆಸೇಜು ಬಂದು ಟಿವಿಯ ನೆತ್ತಿಯ ಮೇಲೆ ದೊಡ್ಡಕ್ಷರದಲ್ಲಿ ನಿಂತಿತು. ಅಕ್ಕ "ಅದೇನು ಬರದಾರ?" ಎಂದು ಕೇಳಿದಳು. ನಾನು ಓದಿ ಹೇಳಿದೆ: "ನಿಮ್ಮತ್ತೆಗೆ ಇನ್ನಾ ಆ ವಿಡಿಯೋ ಹುಚ್ಚು ಇಳಿದಿಲ್ಲೇನು?"

ಗೀತಾ ಗಾಬರಿಯಲ್ಲಿ ಏನೋ ಒತ್ತಿದಳು. ಮೆಸೇಜು ಹೋಗುವ ಬದಲು ಅವಳ ತಾಯಿಗೇ ಕರೆ ಹೋಗಿ, ಬೀಗಿತ್ತಿಯ ಫೋಟೋ ಟಿವಿಯ ತುಂಬ ಬಂತು. "ನೋಡಕ್ಕ, ನಮ್ಮವ್ವ ಬಾ ಅಂದ್ರ ಅವರವ್ವ ಬಂದ್ಲು," ಅಂದೆ. ನನಗೇನೂ ಸಿಟ್ಟಿರಲಿಲ್ಲ, ಬೀಗಿತ್ತಿ ಬರೆದದ್ದು ಖರೇವೇ. ಆದರೆ ಸಿಟ್ಟು ಬಂದವಳ ಹಾಗೆ ಕೂತರೆ ಸಂಜೆಯ ಅಡಿಗೆ ಸೊಸೆಯೇ ಮಾಡುತ್ತಾಳೆ ಎಂಬುದು ಗೊತ್ತಿದ್ದರಿಂದ ಹಾಗೇ ಕೂತೆ.

ಮರುದಿನ ನಾನೇ ಬಜಾರಕ್ಕೆ ಹೊರಟೆ. ಯಜಮಾನರು ಚೀಲ ಹಿಡಿದು ಹಿಂದೆ ಬಂದರು. ಟಿವಿ ಸಾಮಾನು ಮಾರುವ ಖಾದರ್ ಸಾಬರು ಕೈಯಗಲದ ಕರಿ ಡಬ್ಬಿಯೊಂದನ್ನು ಮುಂದಿಟ್ಟರು. ಟಿವಿಯ ಪಕ್ಕ ಇದನ್ನಿಟ್ಟರೆ, ಮನೆಯ ವೈಫೈ ಹಿಡಿದು ಕಂಪ್ಯೂಟರಿನಲ್ಲಿರುವುದನ್ನು ತಾನೇ ಎಳೆದುಕೊಂಡು ಟಿವಿಗೆ ಕೊಡುತ್ತದೆ. ಫೋನು ಬೇಡ, ವೈರು ಬೇಡ. ಮುಖ್ಯವಾಗಿ ಇದಕ್ಕೊಂದು ರಿಮೋಟು ಉಂಟು, ಅದು ನನ್ನ ಕೈಯಲ್ಲಿರುತ್ತದೆ. ಸಾಬರು ಅಂಗಡಿಯ ಟಿವಿಗೆ ಹಚ್ಚಿ ಸಮುದ್ರ, ಬಣ್ಣಬಣ್ಣದ ಮೀನು ತೋರಿಸಿದರು.

"ಸಾಬ್ರ, ನಮ್ಮೂರಾಗ ನಳದ ನೀರಿಗೇ ದಾರಿ ಕಾಯ್ತೀವಿ, ಸಮುದ್ರ ತಗೊಂಡು ಏನ್ ಮಾಡ್ಲಿ? ಹಳೇ ಮಬ್ಬು ವಿಡಿಯೋ ಇದ್ರ ಓಡಿಸಿ ತೋರಿಸ್ರಿ."

ನಮ್ಮಪ್ಪ ಹಾಗೆಯೇ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಿದ್ದ, ಸುಳಿ ನೋಡುತ್ತಿದ್ದ, ಕೊನೆಗೆ ಕೆಸರಿನಲ್ಲಿ ನಡೆಸಿ ನೋಡುತ್ತಿದ್ದ. ಒಣನೆಲದಲ್ಲಿ ಎಲ್ಲ ಎತ್ತೂ ನಡೆಯುತ್ತವೆ ಎಂಬುದು ಅವನ ಮಾತು. ಸಾಬರು ನಗುತ್ತ ತಮ್ಮನ ಮದುವೆಯ ಹಳೆಯ ವಿಡಿಯೋ ಹಚ್ಚಿದರು. ಡಬ್ಬಿ ಎಲ್ಲೂ ಮುಗ್ಗರಿಸಲಿಲ್ಲ. ಆದರೂ ನಾನು ಏಳಲಿಲ್ಲ. ಮದುಮಗಳ ಕಡೆಯವರು ಯಾರು, ಮುಖ ಊದಿಸಿಕೊಂಡು ನಿಂತಿರುವ ಹೆಂಗಸು ಯಾರು ಎಂದೆಲ್ಲ ಕೇಳಿ ತಿಳಿದು, ಊಟದ ಪಂಕ್ತಿ ಮುಗಿಯುವವರೆಗೂ ಕೂತೆ. "ಡಬ್ಬಿ ಕೊಳ್ಳಾಕ ಬಂದೀಯೋ, ಮುಯ್ಯಿ ಮಾಡಾಕ ಬಂದೀಯೋ?" ಎಂದು ಯಜಮಾನರು ಎಬ್ಬಿಸಿಕೊಂಡು ಬಂದರು.

ಮನೆಗೆ ಹೊಸ ವಸ್ತು ಬಂದರೆ ಪೂಜೆಯಾಗದೆ ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಮಿಕ್ಸಿಗೂ ಆಗಿದೆ, ಗೀತಾಳ ಸ್ಕೂಟಿಗೂ ಆಗಿದೆ. ಡಬ್ಬಿಯ ಮುಖಕ್ಕೆ ನೀರಲ್ಲಿ ಕಲಸಿದ ವಿಭೂತಿಯನ್ನು ದಪ್ಪಗೆ ಮೂರು ಬೆರಳು ಎಳೆದು, ನಡುವೆ ಕುಂಕುಮವಿಟ್ಟು, ಕಾಯಿ ಒಡೆದೆ. ಗೀತಾ ಜೋಡಿಸಬೇಕಾದದ್ದನ್ನೆಲ್ಲ ಜೋಡಿಸಿ, ಕಡ್ಡಿ ವಾಪಸು ಕೊಡಲು ಗೆಳತಿಯ ಮನೆಗೆ ಹೋದಳು. ರಿಮೋಟು ಒತ್ತಿದೆ. ಇಲ್ಲ. ಕೊಡವಿ ಒತ್ತಿದೆ. ಇಲ್ಲ. ಯಜಮಾನರು "ವೈರೇ ಚಲೋ ಇತ್ತು," ಎಂದು ಅಟ್ಟದ ಕಡೆ ನೋಡಿದರು. ಮಾರನೆಯ ದಿನವೇ ಸೋಮವಾರ. ಅಕ್ಕ ಸೀರೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅದನ್ನು ನೋಡಲಾಗಲಿಲ್ಲ. ಸಾಬರಿಗೆ ಫೋನು ಹಚ್ಚಿ ಜಗಳಕ್ಕೇ ನಿಂತೆ.

"ಅಮ್ಮಾ, ಡಬ್ಬಿ ಮುಂದ ಏನರ ಅಡ್ಡ ಐತೇನ್ರಿ?"

"ಏನಿಲ್ರಿ, ವಿಭೂತಿ ಹಚ್ಚೀನಿ ಅಷ್ಟ. ಅದೇನು ಅಡ್ಡೇನ್ರಿ?"

"ಅಮ್ಮಾ, ವಿಭೂತಿ ಹಣಿಗೆ ಹಚ್ತಾರ್ರಿ. ಅದಕ್ಕ ಹಣಿ ಇಲ್ಲ. ಮುಂದ ಇರೋ ಕರಿ ಗಾಜು ಅದರ ಕಣ್ಣು. ರಿಮೋಟ್ ಒತ್ತಿದ್ದು ಅದಕ್ಕ ಕಾಣಬೇಕಲ್ಲ?"

ಕಣ್ಣಿನ ಆಪರೇಷನ್ ಆದ ಅಕ್ಕನೇ ಎದ್ದು ಬಂದು, ಒದ್ದೆ ಬಟ್ಟೆಯಿಂದ ಡಬ್ಬಿಯ ಕಣ್ಣು ಒರೆಸಿದಳು. ಒತ್ತಿದೆ. ಟಿವಿ ಬೆಳಗಿತು.

ಚಪ್ಪರ ಬಂತು. ಬೀಸುಕಲ್ಲು ಬಂತು. ಹಸಿರು ಸೀರೆಯ ಅವ್ವ ಗೋಡೆಯಗಲ ಬಂದು ಕೂತಳು. ಕೈಯ ಬಳೆ, ಮೂಗಿನ ನತ್ತು, ಗಲ್ಲದ ಹಚ್ಚೆ, ಎಲ್ಲ ಕಂಡವು. ಅಕ್ಕ ಕನ್ನಡಕ ತೆಗೆದಳು, ಹಾಕಿಕೊಂಡಳು, ಮತ್ತೆ ತೆಗೆದಳು. ಅವ್ವ ಬಾಯಿ ತೆರೆದಳು. ಅದೇ ಹೊತ್ತಿಗೆ ಟಿವಿಯಿಂದ ಬೇರೊಂದು ಗಂಟಲು ಕೇಳಿತು: "ಏ, ಬೀಗರಿಗೆ ಚಾ ಕೊಟ್ರೇನು? ಸಾರಿಗೆ ಉಪ್ಪು ನೋಡ್ರಿ ಯಾರರ!" ಆಗಿನ ಕಾಲದ ನಾನು. ಕ್ಯಾಮೆರಾದವನ ಕಿವಿಯ ಪಕ್ಕದಲ್ಲೇ ನಿಂತಿದ್ದೆನೆಂದು ಕಾಣುತ್ತದೆ. ಹಾಡು ಅದರ ಹಿಂದೆಲ್ಲೋ ಎಳೆಯಾಗಿ ಸಾಗುತ್ತಿತ್ತು. ಈಗಿನ ನಾನು ಸುಮ್ಮನಿದ್ದೆನೇ? "ನೋಡಕ್ಕ, ಸಾಬ್ರ ಅಂಗಡ್ಯಾಗ ನಡಿಸಿ ನೋಡಿ ತಂದೀನಿ. ವೈರ್ ಅಂದ್ರಿವರು, ಕಡ್ಡಿ ಅಂದ್ಲು ಗೀತಾ, ನಾನು ಕೇಳ್ಲಿಲ್ಲ. ಈ ಡಬ್ಬಿ ಏನ್ ಮಾಡ್ತೈತಿ ಅಂದ್ರ..."

ಅಕ್ಕ ಟಿವಿಯಿಂದ ಕಣ್ಣು ತೆಗೆಯದೆ ನನ್ನ ಮೊಣಕಾಲಿಗೆ ಒಂದು ಬಿಟ್ಟಳು. "ಲೇ ಗಿರಿಜಿ, ಆ ಟಿವಿಯಾಗಿನಾಕಿ ಬಾಯಿ ನನ್ನ ಕೈಗೆ ಸಿಗಂಗಿಲ್ಲ, ನೀನರ ಮುಚ್ಚು. ಆಕಿ ಉಸಿರು ತಗೊಳ್ಳೋ ಸಂದ್ಯಾಗ ಅವ್ವನ ಹಾಡು ಕೇಳಿಸಿಕೊಳ್ತೀನಿ!"